ಹೈಡ್ರೋಸ್ ಹಾಕದ ಬೆಲ್ಲ

(ಮಂಡ್ಯದ ಒಂದು ಬಿ.ಎಡ್. ಕಾಲೇಜಿನಲ್ಲಿ ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಮಾತು ಅಲ್ಲಲ್ಲಿ ದಾರಿ ಬಿಟ್ಟು ಹೋಗಿದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾವೂರ್ಗಮ್ಮ?" ಅಂತ ಮಾತಿಗೆಳೆದರು. ಮಂಡ್ಯಕ್ಕೆ, ಮೇಷ್ಟ್ರಾಗೋ ಮಕ್ಕಳಿಗೆ ಇಂಟರ್‌ವ್ಯೂನಲ್ಲಿ ತಮ್ಮ ಒಳ್ಳೇ ಗುಣ ಹೇಗೆ ಹೇಳಿಕೊಳ್ಳಬೇಕು ಅಂತ ಹೇಳಿಕೊಡೋಕೆ ಅಂದೆ. ಆಕೆ ನಕ್ಕುಬಿಟ್ಟರು. "ತಮ್ ಗುಣ ತಾವೇ ಯೋಳ್ಕಂಡ್ರೆ ಯಾರ್ ನಂಬ್ತಾರೆ ಬುಡಿ!" ನನ್ನ ಇವತ್ತಿನ ಉಪನ್ಯಾಸದ ಅಷ್ಟೂ ತೊಡಕನ್ನು ಬಸ್ಸು ಶ್ರೀರಂಗಪಟ್ಟಣ ದಾಟುವ ಮೊದಲೇ ಆಕೆ ಹೇಳಿ ಮುಗಿಸಿದ್ದರು.

ನಾವು ಬೆಳೆದಿದ್ದೇ ಹಾಗೆ. "ತನ್ನ ಬಣ್ಣಿಸಬೇಡ" ಅನ್ನುವುದನ್ನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿದವರು. ತುಂಬಿದ ಕೊಡ ತುಳುಕುವುದಿಲ್ಲ ಅಂತ ಮನೆಯಲ್ಲಿ ದಿನಾ ಕೇಳಿಸಿಕೊಂಡವರು. ಯಾರಾದರೂ "ಚೆನ್ನಾಗಿ ಪಾಠ ಮಾಡ್ತೀಯಂತೆ" ಅಂದರೆ, "ಅಯ್ಯೋ, ಏನೋ ಒಂದಿಷ್ಟು" ಅಂತ ತಲೆ ತಗ್ಗಿಸುವವರು. ಹೀಗೆ ಇಪ್ಪತ್ತೈದು ವರ್ಷ ತಲೆ ತಗ್ಗಿಸಿದವರನ್ನು ಒಂದು ದಿನ ಫ್ಯಾನಿನ ಕೆಳಗೆ ಕೂರಿಸಿ, ಮೇಜಿನ ಆಚೆಯಿಂದ ನಾಲ್ಕು ಜನ, "ನಿಮ್ಮ ಬಲ ಏನು, ಹೇಳಿ" ಅನ್ನುತ್ತಾರೆ. ನಾಲಿಗೆ ಒಣಗದೆ ಇನ್ನೇನಾಗುತ್ತದೆ?

ನನಗೂ ಒಣಗಿತ್ತು. ಮೊದಲ ಸಂದರ್ಶನಕ್ಕೆ ಅಣ್ಣನ ಜೊತೆ ಹೋಗಿದ್ದೆ. ಯಾವ ಶಾಲೆ ಅಂತ ಬೇಡ. ಆಡಳಿತ ಮಂಡಳಿಯ ಹಿರಿಯರೊಬ್ಬರು, "ನಿಮ್ಮನ್ನೇ ಯಾಕೆ ತಗೋಬೇಕಮ್ಮ ನಾವು?" ಅಂತ ಕೇಳಿದರು. "ಏನು ಹೇಳಿದರೂ ಮಾಡ್ತೀನಿ ಸಾರ್" ಅಂದೆ. ವಿನಯ ಅಂದುಕೊಂಡಿದ್ದೆ. ಅವರಿಗೆ ಕೇಳಿಸಿದ್ದು ಬೇರೆ: ಈ ಹುಡುಗಿಗೆ ತನಗೇನು ಬರುತ್ತದೆ ಅನ್ನುವುದೇ ಗೊತ್ತಿಲ್ಲ. ಕೆಲಸ ಸಿಗಲಿಲ್ಲ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಕಾಫಿ ಕೊಡಿಸಿ, "ಮನೇಲಿ ಮಾತಿಗೆ ಮಾತು ಎದುರು ಕೊಡ್ತೀಯ, ಅಲ್ಲೇನಾಗಿತ್ತು ನಿಂಗೆ?" ಅಂದಿದ್ದ.

ಆಮೇಲೆ ಇನ್ನೊಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಪಾಠ ಮಾಡಿಕೊಂಡು ನಿವೃತ್ತಿಯವರೆಗೂ ಇದ್ದೆ, ಆ ಮಾತು ಬೇರೆ. ನಿವೃತ್ತಿಯಾದ ಮೇಲೆ ಮೈಸೂರು, ಮಂಡ್ಯದ ಕೆಲವು ಶಾಲೆಗಳವರು ಸಂದರ್ಶನಕ್ಕೆ ವಿಷಯ ತಜ್ಞೆ ಅಂತ ಕರೆಯುತ್ತಾರೆ. ಹಾಗಾಗಿ ಈಗ ಮೇಜಿನ ಆಚೆ ಬದಿ ಕೂತು ನೋಡಿದ್ದನ್ನು ಹೇಳುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಅರ್ಧ ಜನರ ಕಣ್ಣು ಸರಕಾರಿ ಕೆಲಸದ ಮೇಲಿದೆ. ನಮ್ಮ ರಾಜ್ಯದ ಸರಕಾರಿ ಶಾಲಾ ಶಿಕ್ಷಕರ ನೇಮಕಾತಿಗೆ ಸಂದರ್ಶನವಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗಲೂ ಆಯ್ಕೆ ನಡೆದಿದ್ದು ಅಂಕಗಳ ಮೇಲೆ. ಅಲ್ಲಿ ನಿಮ್ಮ ಬಲ ಏನು ಅಂತ ಯಾರೂ ಕೇಳುವುದಿಲ್ಲ, ಓಎಂಆರ್ ಹಾಳೆ ಕೇಳುತ್ತದೆ. ಸಂದರ್ಶನ ಇರುವುದು ಖಾಸಗಿ ಶಾಲೆಗಳಲ್ಲಿ, ಸಿಬಿಎಸ್‌ಇ ಶಾಲೆಗಳಲ್ಲಿ, ಅನುದಾನಿತ ಸಂಸ್ಥೆಗಳಲ್ಲಿ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಶಿಕ್ಷಕರ ನೇಮಕದಲ್ಲಿ ಡೆಮೋ ಪಾಠವೋ ಸಂದರ್ಶನವೋ ಇರಲೇಬೇಕು, ಸ್ಥಳೀಯ ಭಾಷೆಯಲ್ಲಿ ಪಾಠ ಮಾಡಬಲ್ಲರೇ ಅನ್ನುವುದನ್ನೂ ಅಲ್ಲೇ ನೋಡಬೇಕು ಅನ್ನುತ್ತದೆ. ಆ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಬಲ ಏನು ಅಂತ ಕೇಳಿದರೆ ನಮಗೆ ಸಿಗುವ ಉತ್ತರಗಳ ಬಗ್ಗೆ ಹೇಳಲೇ? "ಐ ಆಮ್ ಹಾರ್ಡ್‌ವರ್ಕಿಂಗ್." "ಐ ಆಮ್ ಪೇಶೆಂಟ್." "ಐ ಲವ್ ಚಿಲ್ಡ್ರನ್." ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಹದಿನೆಂಟು ಜನ ಬಂದರೆ ಹದಿನೈದು ಜನ ತಾಳ್ಮೆಯವರು. ಅಷ್ಟೂ ಜನರಿಗೆ ಮಕ್ಕಳೆಂದರೆ ಪ್ರಾಣ. ಸ್ಫೂರ್ತಿ ಯಾರು ಅಂದರೆ ರಾಧಾಕೃಷ್ಣನ್. ಅವರು 1918ರಿಂದ 1921ರವರೆಗೆ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲೇ ಪಾಠ ಮಾಡಿದವರು, ಕಲ್ಕತ್ತಾಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದುಕೊಂಡು ಹೋದರು ಅನ್ನುವುದು ಎಲ್ಲರಿಗೂ ಗೊತ್ತು. ಸರಿ, ಆ ಸಾರೋಟು ಅವರದು. ನಿಮ್ಮದೇನು?

ನಿಮ್ಮಲ್ಲಿ ಕನ್ನಡ ಬೋಧನಾ ವಿಧಾನ ತೆಗೆದುಕೊಂಡವರು ಇದ್ದೀರಲ್ಲ, ನಿಮಗೆ ಬೇಗ ಹೊಳೆಯುತ್ತದೆ. ಇವೆಲ್ಲ ಗುಣವಾಚಕಗಳು. ತಾಳ್ಮೆಯ, ಶ್ರಮಜೀವಿಯಾದ, ಸೃಜನಶೀಲ. ಗುಣವಾಚಕವನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಅಂಟಿಸಬಹುದು. ನಮಗೆ ಬೇಕಿರುವುದು ಕ್ರಿಯಾಪದ. ಏನು ಮಾಡಿದಿರಿ? ಯಾವ ಮಗುವಿಗೆ, ಯಾವ ಪಾಠದಲ್ಲಿ, ಆಮೇಲೆ ಏನಾಯಿತು?

ಮಂಡ್ಯದವರಿಗೆ ಬೆಲ್ಲದ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಬೆಲ್ಲ ಮಾರುವವನು "ನಮ್ ಬೆಲ್ಲ ಸಿಹಿ ಅದೆ" ಅಂತ ಭಾಷಣ ಮಾಡುವುದಿಲ್ಲ. ಅಚ್ಚಿನ ಮೂಲೆಯಿಂದ ಒಂದು ಚೂರು ಮುರಿದು ಕೈಗೆ ಕೊಡುತ್ತಾನೆ. ಹಾಗೆ ಕೊಡುವುದಕ್ಕೆ ಬಡಾಯಿ ಅಂತ ಯಾರೂ ಅನ್ನುವುದಿಲ್ಲ. ತನ್ನನ್ನು ತಾನು ಬಣ್ಣಿಸಿಕೊಳ್ಳುವುದಕ್ಕೂ ಮಾಡಿದ ಕೆಲಸವನ್ನು ತೋರಿಸುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಬಸ್ಸಿನ ಹೆಂಗಸಿಗೂ ಅದನ್ನೇ ಹೇಳಬೇಕಿತ್ತು, ಆದರೆ ಆಗ ಹೊಳೆಯಲಿಲ್ಲ.

ಇನ್ನೊಂದು ಬೆಲ್ಲವೂ ಇದೆ. ಹಳದಿಯಾಗಿ ಫಳಫಳ ಹೊಳೆಯುವುದು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಹೈಡ್ರೋಸ್ ಹಾಕಿದರೆ ಆ ಬಣ್ಣ ಬರುತ್ತದೆ. ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಯ ಬಣ್ಣ ತೆಗೆಯಲೂ ಬಳಸುವ ರಾಸಾಯನಿಕ. ಏನೂ ಹಾಕದ ಬೆಲ್ಲ ಕಂದು, ನೋಡೋಕೆ ಅಷ್ಟು ಚೆಂದ ಇಲ್ಲ. ಕೊಳ್ಳುವವರು ಹಳದಿಯದನ್ನೇ ಕೇಳುತ್ತಾರೆ ಅಂತ ಆಲೆಮನೆಯವರು ಹಾಕುತ್ತಾರೆ. ಆದರೆ ಅದನ್ನು ಸ್ವಲ್ಪ ಕಾಲ ಇಟ್ಟು ನೋಡಿ, ಬಣ್ಣ ಕಪ್ಪಾಗುತ್ತದೆ. ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿಕೊಂಡು ಬಂದ ಉತ್ತರಗಳನ್ನು ಕೇಳುವಾಗೆಲ್ಲ ನನಗೆ ಹೈಡ್ರೋಸ್ ವಾಸನೆ ಬರುತ್ತದೆ. ನಾವು ಒಂದೇ ಒಂದು ಮರುಪ್ರಶ್ನೆ ಹಾಕಿದರೆ ಸಾಕು, "ಒಂದು ಉದಾಹರಣೆ ಹೇಳಮ್ಮ" ಅಂತ, ಬಣ್ಣ ಇಳಿಯುತ್ತದೆ.

ಹಾಕದ ಬೆಲ್ಲ ಹೇಗಿರುತ್ತದೆ? ಒಬ್ಬ ಹುಡುಗಿ ಬಂದಿದ್ದಳು, ಆರನೇ ತರಗತಿ ಗಣಿತಕ್ಕೆ. ಬಲ ಏನು ಅಂದದ್ದಕ್ಕೆ, "ಮಕ್ಕಳು ಯಾಕೆ ತಪ್ಪು ಮಾಡಿದ್ರು ಅಂತ ನಂಗೆ ಬೇಗ ಗೊತ್ತಾಗುತ್ತೆ ಮೇಡಂ" ಅಂದಳು. ಉದಾಹರಣೆ ಕೇಳಿದೆ. ಇಂಟರ್ನ್‌ಶಿಪ್ಪಿನಲ್ಲಿ ಅರ್ಧಕ್ಕೆ ಮೂರರಲ್ಲೊಂದನ್ನು ಕೂಡಿಸಿ ಅಂದರೆ ತರಗತಿಯ ಬಹಳಷ್ಟು ಮಕ್ಕಳು ಐದರಲ್ಲಿ ಎರಡು ಅಂತ ಬರೆದರಂತೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟಿದ್ದಾರೆ. ನಾವೆಲ್ಲ ಏನು ಮಾಡುತ್ತೇವೆ? ಕೆಂಪು ಗೀಟು ಎಳೆದು, ಬೋರ್ಡಿನ ಮೇಲೆ ಲ.ಸಾ.ಅ. ತೆಗೆಯುವುದನ್ನು ಇನ್ನೊಂದು ಸಲ ಬರೆಯುತ್ತೇವೆ. ಇವಳು ಹಾಗೆ ಮಾಡಲಿಲ್ಲ. "ಹಬ್ಬದ ದಿನ ಅರ್ಧ ಒಬ್ಬಟ್ಟು ತಿಂದ್ರಿ. ಆಮೇಲೆ ಇನ್ನೊಂದು ಒಬ್ಬಟ್ಟಲ್ಲಿ ಮೂರರಲ್ಲೊಂದು ಪಾಲು ತಿಂದ್ರಿ. ಒಟ್ಟು ತಿಂದದ್ದು ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ?" ಎಲ್ಲರೂ ಜಾಸ್ತಿ ಅಂದರು. ಆಮೇಲೆ ಐದು ಮನೆಯ ಒಂದು ಪಟ್ಟಿ ಬರೆಸಿ ಎರಡು ಮನೆಗೆ ಬಣ್ಣ ಹಾಕಿಸಿದಳು. ಅದು ಅರ್ಧ ಮುಟ್ಟುವುದೇ ಇಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ಇದೇನ್ ಮಿಸ್, ತಿಂದಷ್ಟೂ ಕಮ್ಮಿ ಆಯ್ತಾ ಅದೆ!" ಅಂದನಂತೆ.

ಈ ಹುಡುಗಿ "ನನಗೆ ತಾಳ್ಮೆ ಇದೆ" ಅಂತ ಒಮ್ಮೆಯೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಲೀ ಶುಲ್ಮನ್ ಅಂತ ಅಮೆರಿಕದ ಶಿಕ್ಷಣ ತಜ್ಞರ ಹೆಸರನ್ನು ನಿಮ್ಮ ಪಠ್ಯದಲ್ಲಿ ಓದಿರಬಹುದು. 1986ರಲ್ಲಿ ಅವರು ಎತ್ತಿದ ಮಾತು ಇದೇ: ವಿಷಯ ಗೊತ್ತಿರುವುದು ಒಂದು, ಪಾಠದ ವಿಧಾನ ಗೊತ್ತಿರುವುದು ಇನ್ನೊಂದು, ಇವೆರಡೂ ಬೆರೆತ ಮೂರನೆಯದು ಒಂದಿದೆ. ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಎಡವಿದವರನ್ನು ಯಾವ ಉದಾಹರಣೆ ಹಿಡಿದು ಎತ್ತಬೇಕು ಅನ್ನುವ ತಿಳಿವಳಿಕೆ. ಎಂಜಿನಿಯರನಿಗೆ ಗಣಿತ ನಮಗಿಂತ ಹೆಚ್ಚು ಗೊತ್ತಿರುತ್ತದೆ, ಆದರೆ ಈ ಮೂರನೆಯದು ಇರುವುದು ಮೇಷ್ಟ್ರ ಹತ್ತಿರ. ಬಲ ಏನು ಅಂದರೆ ಹೇಳಬೇಕಾದ್ದು ಅದನ್ನು.

ಈಗ ಭಾಷೆಯ ವಿಷಯ. ಮೈಸೂರಿನ ಒಂದು ಶಾಲೆಗೆ ಕನ್ನಡ ಶಿಕ್ಷಕಿ ಬೇಕಾಗಿತ್ತು. ಮದ್ದೂರು ಕಡೆಯ ಹುಡುಗಿ ಬಂದಿದ್ದಳು. ಗಾಬರಿಗೆ ಮಾತಿನ ಮಧ್ಯೆ "ಹೇಳುತ್ತೇನೆ" ಅನ್ನುವುದು "ಏಳ್ತೀನಿ" ಆಯಿತು. ನನ್ನ ಪಕ್ಕದಲ್ಲಿದ್ದವರು ತುಟಿಯಲ್ಲೇ ನಕ್ಕರು. ಹುಡುಗಿ ಅದನ್ನು ನೋಡಿದಳು. ಮುಗಿಯಿತು, ಇನ್ನು ಅತ್ತುಬಿಡುತ್ತಾಳೆ ಅಂದುಕೊಂಡೆ. ಅವಳು ಒಂದು ಕ್ಷಣ ಸುಮ್ಮನಿದ್ದು ಹೇಳಿದ್ದು ಇದು: "ನಮ್ಮನೇಲಿ ಹಾಲಿಗೆ ಆಲು, ಹಸುಗೆ ಅಸು ಅಂತಾನೇ ಅನ್ನೋದು ಸಾರ್. ನಾನು ಬರೆಯೋದರಲ್ಲಿ ಅದನ್ನ ತಿದ್ಕೊಳೋಕೆ ಏಳನೇ ಕ್ಲಾಸಿನವರೆಗೂ ಒದ್ದಾಡಿದೀನಿ. ಅದಕ್ಕೇ ಮಕ್ಕಳು ಎಲ್ಲಿ ಹಕಾರ ಬಿಡ್ತಾರೆ, ಭಯಕ್ಕೆ ಎಲ್ಲಿ ಸುಮ್ಮಸುಮ್ಮನೆ ಸೇರಿಸಿ ಆನೇನ ಹಾನೆ ಮಾಡ್ತಾರೆ ಅಂತ ನಂಗೆ ಗೊತ್ತು." ಆಮೇಲೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ತೋರಿಸಿದಳು. ಅ ಅಂದರೆ ಗಾಳಿ ತಾಗುವುದಿಲ್ಲ, ಹ ಅಂದರೆ ಬೆಚ್ಚಗೆ ತಾಗುತ್ತದೆ. ಮಕ್ಕಳಿಗೆ ಹೀಗೆ ಆಟ ಆಡಿಸುತ್ತಾಳಂತೆ, ಯಾರ ಮಾತನ್ನೂ ಆಡಿಕೊಳ್ಳದೆ. ಮನೆಯಲ್ಲಿ ಆಡುವ ಮಾತು ತಪ್ಪಲ್ಲ, ಪುಸ್ತಕದ ಮಾತು ಇನ್ನೊಂದು ಅಂತ ಹೇಳಿಕೊಟ್ಟೇ ಶುರು ಮಾಡುತ್ತಾಳಂತೆ. ಮೇಜಿನ ಈಚೆ ನಾವು ನಾಲ್ಕೂ ಜನ ನಮ್ಮ ನಮ್ಮ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು ಹ, ಹ ಅನ್ನುತ್ತಿದ್ದೆವು, ನಕ್ಕವರೂ ಸೇರಿ.

ನೋಡಿ, ಕೊರತೆ ಅಂತ ಮುಚ್ಚಿಟ್ಟುಕೊಂಡು ಬಂದಿದ್ದೇ ಅವಳ ದೊಡ್ಡ ಬಲ. ನಿಮ್ಮಲ್ಲಿ ಬಹಳ ಜನ ಹಳ್ಳಿಯ ಸರಕಾರಿ ಶಾಲೆಯಲ್ಲಿ ಓದಿದ್ದನ್ನು ಬಯೋಡೇಟಾದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕುತ್ತೀರಿ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಒಟ್ಟಿಗೆ ಕೂತಿರುವುದನ್ನು ಮಗುವಾಗಿ ನೋಡಿದವರು ನೀವು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾಗಿದ್ದು ಇಲ್ಲೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿ ಶಾಲೆಯವರ ಕಾರ್ಡು, ಏಣಿ, ಮೆಟ್ಟಿಲುಗಳ ವಿಧಾನವನ್ನು ನಮ್ಮ ಶಾಲೆಗೆ ಒಗ್ಗಿಸಿಕೊಂಡರು, ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳನ್ನು ಕೂರಿಸಿಕೊಂಡು ಕಲಿಸಬಲ್ಲೆ ಅನ್ನುವುದು ಯಾವ ದೊಡ್ಡ ಶಾಲೆಗಾದರೂ ಬೇಕಾದ ಮಾತು. ಫೀಸು ಲಕ್ಷ ಇದ್ದರೂ ಒಂದು ತರಗತಿಯ ಮಕ್ಕಳೆಲ್ಲ ಒಂದೇ ಮಟ್ಟದಲ್ಲಿ ಇರುವುದಿಲ್ಲ.

ಇಂಗ್ಲಿಷ್ ಬಗ್ಗೆ ಒಂದು ಮಾತು. ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುವುದಾದರೆ ಇಂಗ್ಲಿಷ್ ಕಲಿತೇ ಹೋಗಿ, ಅದರಲ್ಲಿ ರಾಜಿ ಇಲ್ಲ. ಆದರೆ ಮಗುವಿನ ಮಾತನ್ನು ಹೇಳುವಾಗ ಮಗು ಆಡಿದ ಭಾಷೆಯಲ್ಲೇ ಹೇಳಿ. "ಮೇ ಐ ಸೇ ದಿಸ್ ಇನ್ ಕನ್ನಡ?" ಅಂತ ಕೇಳಿದವರಿಗೆ ಬೇಡ ಅಂದ ಮಂಡಳಿಯನ್ನು ನಾನಂತೂ ನೋಡಿಲ್ಲ. ಶಿಕ್ಷಣ ನೀತಿಯ ಆ ಮಾತನ್ನು ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಬಲ ಅಂತ ಹೇಳಿ ಸಿಕ್ಕಿಹಾಕಿಕೊಂಡವರೂ ಇದ್ದಾರೆ. ಒಬ್ಬರು, "ನನ್ನ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತೆ" ಅಂದರು. ಬಹಳ ಸಂತೋಷ, ಹೇಗೆ ಮಾಡುತ್ತೀರಿ ಅಂದೆ. "ಮೇಜಿನ ಮೇಲೆ ಒಂದು ಕೋಲು ಇಟ್ಟಿರ್ತೀನಿ ಮೇಡಂ, ಹೊಡೆಯಲ್ಲ, ಇಟ್ಟಿರ್ತೀನಿ ಅಷ್ಟೇ." ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ ಅಂತ ಅವರಿಗೆ ಗೊತ್ತಿತ್ತು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದಿದ್ದರು. ಓದಿದ್ದು ಬೇರೆ ಖಾನೆಯಲ್ಲಿತ್ತು, ಕೋಲು ಬೇರೆ ಖಾನೆಯಲ್ಲಿತ್ತು.

ದೌರ್ಬಲ್ಯ ಏನು ಅನ್ನುವ ಪ್ರಶ್ನೆಗೆ "ನಾನು ಪರ್ಫೆಕ್ಷನಿಸ್ಟ್" ಅನ್ನಬೇಡಿ. ದಯವಿಟ್ಟು. ಬೋರ್ಡಿನ ಮೇಲೆ ಬರೆಯುವಾಗ ಸಾಲು ಓರೆ ಹೋಗುತ್ತದೆ, ಗೀಟು ಹಾಕಿಕೊಂಡು ಬರೆಯುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಅಂದರೂ ಸಾಕು, ನಂಬುತ್ತೇವೆ.

ಡೆಮೋ ಪಾಠದಲ್ಲಿ ನೋಡಿದ ಒಂದು ಬಲವನ್ನು ನಾನು ಇವತ್ತಿಗೂ ಮರೆತಿಲ್ಲ. ಹುಡುಗ ಏಳನೇ ತರಗತಿಗೆ ಪಾಠ ಮಾಡುತ್ತಿದ್ದ. ಹಗಲು ಹೊತ್ತಿನಲ್ಲಿ ಚಂದ್ರ ಕಾಣಿಸುತ್ತಾನಾ ಅಂತ ಕೇಳಿದ. ಕೇಳಿ, ಸುಮ್ಮನಾದ. ಒಂದು, ಎರಡು, ಮೂರು, ನಾಲ್ಕು. ನಮ್ಮ ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು, ಹುಡುಗನಿಗೆ ಮಾತು ಮರೆತುಹೋಯಿತೇನೋ ಅಂತ. ಐದನೆಯ ಸೆಕೆಂಡಿಗೆ ಕಿಟಕಿಯ ಪಕ್ಕದ ಹುಡುಗಿ, "ಬೆಳಿಗ್ಗೆ ಸ್ಕೂಲಿಗೆ ಬರುವಾಗ ನೋಡಿದೀನಿ, ಬೆಳ್ಳಗಿರ್ತಾನೆ" ಅಂದಳು. ಆಮೇಲೆ ಹತ್ತು ಕೈ ಎದ್ದವು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1974ರಲ್ಲಿ ಇದನ್ನೇ ಬರೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ಆಮೇಲೆ ಆ ಹುಡುಗನನ್ನು ಕೇಳಿದೆ, ಅಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಅಂತ. "ನಾನು ಶಾಲೇಲಿದ್ದಾಗ ಉತ್ತರ ಹೊಳೆಯೋ ಹೊತ್ತಿಗೆ ಮೇಷ್ಟ್ರೇ ಹೇಳಿಬಿಡ್ತಿದ್ರು ಮೇಡಂ" ಅಂದ. ಆದರೆ ಇದನ್ನು ಅವನು ತಾನಾಗಿ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೇಳಿದ. ಎಲ್ಲ ಮಂಡಳಿಯವರೂ ಕೇಳುವುದಿಲ್ಲ. ಕೇಳುವವರು ಸಿಗುತ್ತಾರೆ ಅಂತ ನೆಚ್ಚಿಕೊಂಡು ಹೋಗಬೇಡಿ.

ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಮೇಜಿನ ಆಚೆಯವರೆಲ್ಲ ಜಾಣರು ಅಂದುಕೊಳ್ಳಬೇಡಿ. ಒಂದು ಗುಣ ಚೆನ್ನಾಗಿ ಕಂಡರೆ ಉಳಿದದ್ದೆಲ್ಲ ಚೆನ್ನಾಗಿಯೇ ಇರಬೇಕು ಅನ್ನಿಸಿಬಿಡುತ್ತದೆ, ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಗೊತ್ತಿದ್ದೂ ನಾನು ಬಿದ್ದಿದ್ದೇನೆ. ಅರಳು ಹುರಿದಂತೆ ಮಾತಾಡುವ ಒಬ್ಬನನ್ನು ಆರಿಸಿದೆವು, ದಸರೆ ರಜೆಗೆ ಹೋದವನು ತಿರುಗಿ ಬರಲಿಲ್ಲ. ಅವತ್ತೇ ಬಿಟ್ಟ ಇನ್ನೊಬ್ಬಳ ಮುಖ ನನಗೆ ಈಗಲೂ ನೆನಪಿದೆ. ಅವಳು ಮೆತ್ತಗೆ ಮಾತಾಡಿದ್ದಳು, ಅಷ್ಟೇ ಅವಳ ತಪ್ಪು. ಹಾಗಾಗಿ ಆಯ್ಕೆಯಾಗದೆ ಹೋದರೆ ನಿಮ್ಮಲ್ಲಿ ಬಲ ಇಲ್ಲ ಅಂತ ತೀರ್ಪು ಆಯಿತು ಅಂದುಕೊಳ್ಳಬೇಡಿ.

"ನಮಗೆ ಅನುಭವವೇ ಇಲ್ಲ, ಏನು ಹೇಳೋದು?" ಅಂತ ಈಗ ಯಾರೋ ಹಿಂದೆ ಪಿಸುಗುಟ್ಟಿದ್ದು ಕೇಳಿಸಿತು. ಎರಡು ವರ್ಷದ ಬಿ.ಎಡ್. ಬಂದ ಮೇಲೆ ನೀವು ಶಾಲೆಗಳಲ್ಲಿ ಕಳೆಯಬೇಕಾದದ್ದು ಒಟ್ಟು 20 ವಾರ, ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ನಾನು ಬಿ.ಎಡ್. ಮಾಡುವಾಗ ಇಷ್ಟು ಇರಲಿಲ್ಲ, ಲೆಸನ್ ಪ್ಲ್ಯಾನ್ ಬರೆದು, ಎಣಿಸಿದಷ್ಟು ಪಾಠ ಮಾಡಿ ಬಂದವರು ನಾವು. 20 ವಾರದಲ್ಲಿ ಏನೂ ಆಗಲೇ ಇಲ್ಲವೇ? ಆಗಿರುತ್ತದೆ, ಬರೆದಿಟ್ಟುಕೊಂಡಿಲ್ಲ. ಒಂದು ನೋಟ್‌ಬುಕ್ ಇಡಿ, ಕಾಲೇಜಿಗೆ ಒಪ್ಪಿಸುವ ರೆಕಾರ್ಡ್ ಅಲ್ಲ, ನಿಮಗೇ ಅಂತ. ಇವತ್ತು ಯಾವ ಮಗು ಎಲ್ಲಿ ನಿಂತಿತು, ನಾನೇನು ಬದಲಾಯಿಸಿದೆ, ಆಗಲಾದರೂ ಹೊಳೆಯಿತೋ ಇಲ್ಲವೋ. ಹೊಳೆಯಲಿಲ್ಲ ಅಂತ ಬರೆದ ದಿನಗಳೂ ಬೇಕು. ಸಂದರ್ಶನದಲ್ಲಿ ಒಂದು ಸೋಲನ್ನು ನೆಟ್ಟಗೆ ಹೇಳಿದವರ ಗೆಲುವನ್ನು ನಾವು ಬೇಗ ನಂಬುತ್ತೇವೆ.

ಹೋಗುವ ಮೊದಲು ಆ ಶಾಲೆಯನ್ನೂ ಸ್ವಲ್ಪ ನೋಡಿಕೊಂಡು ಹೋಗಿ. ಮಕ್ಕಳು ಎಲ್ಲಿಂದ ಬರುತ್ತಾರೆ, ಮನೆಯಲ್ಲಿ ಯಾವ ಮಾತು, ತರಗತಿಯಲ್ಲಿ ಎಷ್ಟು ಜನ. ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ. ನಿಮ್ಮ ಹತ್ತು ಬಲಗಳಲ್ಲಿ ಆ ಮಕ್ಕಳಿಗೆ ಬೇಕಾದ ಒಂದನ್ನು ಹೇಳಿದರೆ ಸಾಕು.

ಇನ್ನು ನಾನು ಮಾತಾಡುವುದಿಲ್ಲ. ನಿಮ್ಮಲ್ಲಿ ಒಬ್ಬರು ಎದ್ದು ಬನ್ನಿ.

(ಇಲ್ಲಿ ಮೂರನೆಯ ಸಾಲಿನ ಒಬ್ಬ ವಿದ್ಯಾರ್ಥಿನಿಯನ್ನು ಗೆಳತಿಯರು ತಳ್ಳಿ ಕಳಿಸಿದರು. ನಡೆದ ಮಾತುಕತೆಯನ್ನು ನೆನಪಿನಿಂದ ಬರೆದಿದ್ದೇನೆ.)

"ನಿಮ್ಮ ಬಲ ಏನಮ್ಮ?"

"ಏನೂ ಇಲ್ಲ ಮೇಡಂ." ಎಲ್ಲರೂ ನಕ್ಕರು.

"ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರಿ?"

"ನಮ್ಮೂರ ಪಕ್ಕದ ಹೈಸ್ಕೂಲಲ್ಲಿ. ಎಂಟನೇ ಕ್ಲಾಸಿಗೆ ಗಣಿತ ತಗೊಂಡಿದ್ದೆ."

"ಯಾರಾದರೂ ಒಂದು ಮಗು ನೆನಪಿದೆಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೂ ಕಾದೆ. ಆಗ ತಾನೇ ಮೂರು ಸೆಕೆಂಡಿನ ಪಾಠ ಹೇಳಿದ್ದೆನಲ್ಲ.

"ಒಬ್ಬ ಹುಡುಗ ದಿನಾ ಲೇಟಾಗಿ ಬರ್ತಿದ್ದ ಮೇಡಂ. ಪ್ರಾರ್ಥನೆ ಮುಗಿದ ಮೇಲೆ. ಹೊರಗೆ ನಿಲ್ಲಿಸ್ತಿದ್ರು. ನಾನು ಕೇಳಿದ್ದಕ್ಕೆ ಡೇರಿಗೆ ಹಾಲು ಹಾಕಿ ಬರ್ತೀನಿ ಅಂದ. ಅವನಿಗೆ ದಶಮಾಂಶ ಗುಣಾಕಾರ ಬರ್ತಾನೇ ಇರ್ಲಿಲ್ಲ, ಬಿಂದು ಎಲ್ಲೆಲ್ಲೋ ಇಡ್ತಿದ್ದ. ನಾಳೆ ಡೇರಿ ಚೀಟಿ ತಗೊಂಡು ಬಾ ಅಂದೆ. ಅದರಲ್ಲಿ ಎಷ್ಟು ಲೀಟರ್, ಫ್ಯಾಟ್ ಎಷ್ಟು, ರೇಟ್ ಎಷ್ಟು ಎಲ್ಲ ಬಿಂದು ಹಾಕಿಯೇ ಇರುತ್ತಲ್ಲ. ಲೀಟರಿಗೆ ರೇಟು ಗುಣಿಸಿ ದುಡ್ಡು ಸರಿಯಾಗಿ ಹಾಕಿದಾರಾ ನೋಡು ಅಂದೆ. ಬಿಂದು ತಪ್ಪಿಟ್ರೆ ಒಂದೋ ಸಾವಿರಾರು ರೂಪಾಯಿ ಬರುತ್ತೆ, ಇಲ್ಲ ಹತ್ತು ರೂಪಾಯಿ ಬರುತ್ತೆ. ಅವನೇ ನಕ್ಕು ಅಳಿಸಿ ಸರಿ ಮಾಡ್ದ. ಆಮೇಲೆ ಕ್ಲಾಸಲ್ಲಿ ಎಲ್ರೂ ಅವರವರ ಮನೆ ಚೀಟಿ ತಂದ್ರು. ಅದೇನ್ ದೊಡ್ಡದಲ್ಲ ಮೇಡಂ."

"ಆ ಹುಡುಗ ತಂದ ಚೀಟಿ ನಿನ್ನ ಹತ್ತಿರ ಇದೆಯಾ? ಫೈಲಿನಲ್ಲಿ ಇಟ್ಟುಕೊಂಡಿರಬಹುದಿತ್ತು."

"ಇಲ್ಲ ಮೇಡಂ, ಅವತ್ತೇ ವಾಪಸ್ ಕೊಟ್ಟೆ. ಬಟವಾಡೆ ದಿನ ಅವರವ್ವ ಲೆಕ್ಕ ನೋಡ್ಬೇಕಲ್ಲ."